ಬಲಗಡೆಯ ಗೋಡೆ

ನಮ್ಮೂರಲ್ಲಿ ಏರು ಅನ್ನುವುದು ಇಲ್ಲ. ಬೆಳಿಗ್ಗೆ ನೆಲ ಪೇಟೆಯ ಕಡೆಗೆ ಇಳಿಜಾರಾಗಿರುತ್ತದೆ. ಮನೆ ಬಿಟ್ಟವರು ಸುಮ್ಮನೆ ಹೆಜ್ಜೆ ಸಡಿಲ ಬಿಟ್ಟರೆ ಸಾಕು, ಪೇಟೆ ಮುಟ್ಟುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ನೆಲ ಸಮವಾಗುತ್ತದೆ. ಆಮೇಲೆ, ಸಂಜೆಯ ಕಾಫಿಗೆ ಹಾಲು ಕಾಯಿಸುವಾಗ, ಮೆಲ್ಲಗೆ ಇತ್ತ ಕಡೆ ವಾಲಿಕೊಳ್ಳುತ್ತದೆ. ಚೀಲ ತುಂಬಿಕೊಂಡವರು ಹೋಗುವಾಗ ಇಳಿದ ಹಾಗೆ ಬರುವಾಗಲೂ ಇಳಿದುಕೊಂಡೇ ಮನೆ ಸೇರುತ್ತಾರೆ. ಇದು ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ತಲೆ ಕೆಡಿಸಿಕೊಳ್ಳಲು ಬೇರೆ ವಿಷಯಗಳು ಬೇಕಾದಷ್ಟಿವೆ. ಮಂಚದ ಕಾಲಿಗೆ ಎರಡೂ ಕಡೆ ಮರದ ತುಂಡು ಕೊಟ್ಟಿದೆಯೇ ಎಂದು ನೋಡಬೇಕು. ಸಾರಿನ ಪಾತ್ರೆಗೆ ಉದ್ದ ಕಂಠ ಇರಬೇಕು. ಮದುವೆಯ ಮುಹೂರ್ತ ನೆಲ ಸಮವಿದ್ದಾಗಲೇ ಬರಬೇಕು, ಇಲ್ಲದಿದ್ದರೆ ಧಾರೆಯ ನೀರು ಪುರೋಹಿತರ ಪಂಚೆಯ ಕಡೆ ಹರಿಯುತ್ತದೆ.

ಬೇರೆ ಊರಿನ ಸೈಕಲ್ಲಿಗೆ ಪೆಡಲ್ಲು, ಚೈನು ಎಲ್ಲ ಇರುತ್ತವೆ. ನಮ್ಮಲ್ಲಿ ಅವನ್ನು ಬಿಚ್ಚಿ ಗುಜರಿಗೆ ಹಾಕಿಬಿಡುತ್ತಾರೆ. ಆದರೆ ಬ್ರೇಕಿನ ವಿಷಯದಲ್ಲಿ ಯಾರೂ ರಾಜಿಯಾಗುವುದಿಲ್ಲ. ನನ್ನದು ಬ್ರೇಕಿನ ಅಂಗಡಿ. ಅಪ್ಪ ಇಟ್ಟದ್ದು, ಅವರ ನಂತರ ನನ್ನದಾಯಿತು. ಸೈಕಲ್ಲು, ತರಕಾರಿ ಗಾಡಿ, ತೊಟ್ಟಿಲು, ಅಜ್ಜಂದಿರ ಗಾಲಿಕುರ್ಚಿ, ಎಲ್ಲಕ್ಕೂ ಬ್ರೇಕು ನನ್ನ ಕೈಯಿಂದಲೇ ಆಗಬೇಕು. ನಿಲ್ಲಿಸುವ ಕೆಲಸದಲ್ಲಿ ವಾರಿಜಾಳನ್ನು ಮೀರಿಸಿದವರಿಲ್ಲ ಎಂದು ಜನ ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಹೊಗಳಿಕೆ, ಸ್ವಲ್ಪ ನಾನು ಮದುವೆಯ ಮಾತುಗಳನ್ನೂ ನಿಲ್ಲಿಸಿದೆ ಎಂಬ ಕೊಂಕು.

ಎದುರಿಗೇ ಅಣ್ಣ ಧರಣೇಂದ್ರನ ತಿಂಡಿ ಹೋಟೆಲು. ದೊಡ್ಡ ಆಳು, ದೊಡ್ಡ ಗಂಟಲು. ನಮ್ಮ ಬೆಳಗಿನ ದೋಸೆಗಳು ಪೇಟೆಯ ಕಡೆಯ ಅಂಚಿನಲ್ಲಿ ದಪ್ಪ, ಮನೆಯ ಕಡೆ ತೆಳು. ಯಾರಿಗೆ ಯಾವ ಅಂಚು ಇಷ್ಟ ಎಂದು ಅವನಿಗೆ ಬಾಯಿಪಾಠ. ಅಮ್ಮ ಪದ್ಮಾವತಮ್ಮ ದಿನವೂ ಬೆಳಿಗ್ಗೆ ಇಳಿದು ಬಂದು ಹೋಟೆಲಿನ ಬಾಗಿಲ ಬಳಿ ಕೂತು ಕಾಳು ಬಿಡಿಸುತ್ತಾ, ಒಳಗೆ ಬರುವ ಪ್ರತಿಯೊಬ್ಬರ ಮನೆ ಸಮಾಚಾರ ಬಿಡಿಸಿಕೊಳ್ಳುತ್ತಾಳೆ. ಎಪ್ಪತ್ತು ದಾಟಿದ್ದಾಳೆ. ಅವಳ ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿಲ್ಲ, ಅದರಲ್ಲೂ ಒಂದು ಮಾತಿಗೆ. ನಮ್ಮ ಮನೆಯವರು ಯಾರೂ ಸೇತುವೆ ದಾಟಬಾರದು.

ಸೇತುವೆ ಇರುವುದು ಪೇಟೆಯ ಕೊನೆಯಲ್ಲಿ. ಅದರಾಚೆಗೆ ನೆಲ ಸದಾ ಸಮ, ಗುಡ್ಡ ಇದ್ದಲ್ಲಿ ಗುಡ್ಡ, ಮೆಟ್ಟಿಲು ಇದ್ದಲ್ಲಿ ಮೆಟ್ಟಿಲು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಬ್ರೇಕಿನ ರಬ್ಬರು ತರಲೆಂದು ಆಚೆ ಊರಿಗೆ ಹೋದರು. ಹೋಗುವಾಗ ರೈಲು ಹೊರಟುಬಿಟ್ಟೀತೆಂದು ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು ಹತ್ತಿ ಓಡಿದರಂತೆ. ಅರ್ಧದಲ್ಲೇ ಕುಸಿದರು. ನಲವತ್ತನಾಲ್ಕು ವರ್ಷ, ಒಂದು ದಿನ ಜ್ವರ ಅಂದವರಲ್ಲ. ಊರಿನ ಹಿರಿಯರು ಬಂದು ಕೂತು, ಸಮನೆಲ ಅವರಿಗೆ ಆಗಿಬರಲಿಲ್ಲ ಎಂದು ತೀರ್ಮಾನಿಸಿದರು. ಅಮ್ಮ ಅದನ್ನೇ ಗಟ್ಟಿಯಾಗಿ ಹಿಡಿದಳು. ಹಿಡಿಯಲು ಬೇರೆ ಏನೂ ಇರಲಿಲ್ಲ.

ಹೀಗಿರುವಾಗ ಊರಿಗೆ ಡಾಕ್ಟರ್ ಮೆಹರುನ್ನೀಸಾ ಬಂದರು. ಹೊಸಬರು ಬಂದರೆ ಸೇತುವೆಯ ಬಳಿ ಚಹಾ ಕುಡಿಯುತ್ತಾ ನೆಲ ತಿರುಗುವವರೆಗೆ ಕಾಯುತ್ತಾರೆ. ಇವರಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆಯೇ ಬಸ್ಸಿಳಿದು, ಎರಡು ಸೂಟ್‌ಕೇಸು ಹಿಡಿದು, ಗೊತ್ತು ಮಾಡಿದ್ದ ಮನೆಯ ಕಡೆಗೆ ಹತ್ತತೊಡಗಿದರು. ಹತ್ತುವ ಮನುಷ್ಯರನ್ನು ನೋಡಲು ಪೇಟೆಗೆ ಪೇಟೆಯೇ ಅಂಗಡಿ ಬಿಟ್ಟು ಹೊರಗೆ ಬಂತು. ಅಮ್ಮ ಕಾಳಿನ ಮೊರ ಕೆಳಗಿಟ್ಟು, "ಯಾರು ತೀರಿಕೊಂಡರಮ್ಮ?" ಎಂದು ಕೇಳಿದಳು. ಸಾವಿನ ಸುದ್ದಿ ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ನೆಲಕ್ಕೆ ಎದುರಾಗಿ ಹೋಗುವುದಿಲ್ಲ.

"ಯಾರೂ ಇಲ್ಲ," ಎಂದರು ಡಾಕ್ಟರು ಏದುಸಿರು ಬಿಡುತ್ತಾ. "ನಾನೇ ಹೋಗಬಹುದು ಇನ್ನು ಸ್ವಲ್ಪ ಹೊತ್ತಲ್ಲಿ."

ಅಣ್ಣ ಅವರನ್ನು ಹೋಟೆಲಿನೊಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ಸಂಜೆಗೆ ಸೂಟ್‌ಕೇಸುಗಳನ್ನು ತಾವಾಗಿ ಉರುಳಲು ಬಿಟ್ಟ. ಅವು ಡಾಕ್ಟರಿಗಿಂತ ಮೊದಲು ಮನೆ ಸೇರಿದವು.

ಅವರ ಕ್ಲಿನಿಕ್ಕು ನನ್ನ ಅಂಗಡಿಯ ಪಕ್ಕದಲ್ಲೇ ಆಯಿತು. ಎದೆಯೊಳಗೆ ನೋಡುವ ಒಂದು ಯಂತ್ರ ತಂದಿದ್ದರು, ಗಾಲಿಯ ಮೇಲೆ ನಿಲ್ಲುವಂಥದ್ದು. ಬೆಳಿಗ್ಗೆ ಅದು ಹೋಗಿ ಪೇಟೆ ಕಡೆಯ ಗೋಡೆಗೆ ಬಡಿಯುತ್ತಿತ್ತು, ಸಂಜೆ ಮನೆ ಕಡೆಯ ಗೋಡೆಗೆ. ನಡುವೆ ಡಾಕ್ಟರು ಒಂದು ಕೈಯಲ್ಲಿ ರೋಗಿಯನ್ನೂ ಇನ್ನೊಂದು ಕೈಯಲ್ಲಿ ಯಂತ್ರವನ್ನೂ ಹಿಡಿದು ಎಳೆದಾಡುತ್ತಿದ್ದರು. ಗೋಡೆಯ ಸದ್ದು ಕೇಳಲಾರದೆ ನಾನೇ ಹೋಗಿ ನಾಲ್ಕು ಗಾಲಿಗೂ ಬ್ರೇಕು ಕೂರಿಸಿದೆ.

"ನಿಲ್ಲುತ್ತೋ ಇಲ್ಲವೋ ನೋಡಬೇಕಲ್ಲ. ನೀವೇ ಮಲಗಿ," ಎಂದರು ಡಾಕ್ಟರು.

ಮಲಗಿದೆ. ತಣ್ಣನೆಯ ಲೋಳೆ ಹಚ್ಚಿ, ಪುಟ್ಟ ಹಿಡಿಯೊಂದನ್ನು ಎದೆಯ ಮೇಲೆ ಒತ್ತಿದರು. ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ಮುಚ್ಚಿ ತೆರೆಯುತ್ತಿತ್ತು. ಯಂತ್ರ ಅಲುಗಲಿಲ್ಲ. ನನಗೆ ನನ್ನ ಬ್ರೇಕಿನ ಬಗ್ಗೆ ಹೆಮ್ಮೆ. ಡಾಕ್ಟರು ಮಾತ್ರ ಹರಟೆ ನಿಲ್ಲಿಸಿದ್ದರು.

"ವಾರಿಜಾ ಅವರೇ, ನಿಮಗೆ ಯಾವಾಗಾದರೂ ಉಸಿರು ಕಟ್ಟಿದ್ದುಂಟಾ?"

"ಈ ಊರಲ್ಲಿ ಯಾಕೆ ಕಟ್ಟುತ್ತೆ?"

"ಅದೂ ಸರಿ. ನಿಮ್ಮಪ್ಪ ಇದ್ದಾರಾ?"

ಅಪ್ಪನ ಕಥೆ ಹೇಳಿದೆ. ಸಮನೆಲ ಆಗಿಬರಲಿಲ್ಲ ಎಂದೆ. ಅವರು ಹಿಡಿಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. "ನಾನು ಹುಟ್ಟಿ ಬೆಳೆದದ್ದೆಲ್ಲ ಸಮನೆಲದಲ್ಲೇ. ಅದು ಯಾರನ್ನೂ ಕೊಲ್ಲೋದಿಲ್ಲ. ನಿಮ್ಮಪ್ಪನ ಹೃದಯದ ಸ್ನಾಯು ದಪ್ಪವಾಗಿದ್ದಿರಬೇಕು. ನಿಮ್ಮದೂ ದಪ್ಪ ಇದೆ, ಆದರೆ ಸ್ವಲ್ಪವೇ. ಇದು ವಂಶದಲ್ಲಿ ಇಳಿದು ಬರೋ ಕಾಯಿಲೆ. ಹತ್ತಿದಾಗ, ಓಡಿದಾಗ ಗೊತ್ತಾಗುತ್ತೆ. ನಿಮ್ಮೂರಲ್ಲಿ ಯಾರೂ ಹತ್ತೋದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿಲ್ಲ." ಆಮೇಲೆ ಕೇಳಿದರು, "ನಿಮ್ಮ ಅಣ್ಣನಿಗೆ ಎಂದಾದರೂ ತಲೆ ತಿರುಗಿ ಬಿದ್ದದ್ದು ಉಂಟಾ?"

ಉಂಟು. ಹಿಟ್ಟಿನ ಕೊಳಗ ಎತ್ತುವಾಗ ಒಮ್ಮೆ, ಸುಮ್ಮನೆ ಗಲ್ಲಾದಲ್ಲಿ ನಿಂತಿದ್ದಾಗ ಒಮ್ಮೆ. ಎರಡು ಸಲವೂ ಪಿತ್ತ ಎಂದು ನಿಂಬೆಹಣ್ಣಿನ ಶರಬತ್ತು ಕುಡಿದು ಎದ್ದು ಬಂದಿದ್ದ.

ಅಣ್ಣನನ್ನು ಕ್ಲಿನಿಕ್ಕಿಗೆ ಕರೆದರೆ ಬರುವ ಪೈಕಿಯಲ್ಲ ಎಂದು ಗೊತ್ತಿತ್ತು. ಹಾಗಾಗಿ, ನನಗೆ ಇನ್ನೊಮ್ಮೆ ಪರೀಕ್ಷೆ ಇದೆ, ಹೆದರಿಕೆಯಾಗುತ್ತದೆ, ಜೊತೆಗೆ ಬಾ ಎಂದೆ. ಕೈಯಲ್ಲಿದ್ದ ಸೌಟು ಬಿಟ್ಟು ಬಂದ. ನಾನು ಮಂಚದ ಬಳಿ ನಿಂತು ಹಿಂಜರಿದಾಗ, "ಇದರಲ್ಲೇನಿದೆ ಹೆದರೋಕೆ? ನೋಡು, ನಾನು ಮಲಗ್ತೀನಿ," ಎಂದು ಅಂಗಿ ಬಿಚ್ಚಿ ತಾನೇ ಮಲಗಿದ. ಹಿಂಜರಿದದ್ದು ನಟನೆ ಎಂದುಕೊಂಡಿದ್ದೆ. ಪೂರ್ತಿ ನಟನೆಯೇನೂ ಆಗಿರಲಿಲ್ಲ.

ಡಾಕ್ಟರು ಅವನ ಎದೆಯ ಎಡಗಡೆ ನೋಡಿದರು, ಆಮೇಲೆ ಪಕ್ಕೆಲುಬಿನ ಕೆಳಗೆ ಒತ್ತಿ ಉಸಿರು ಹಿಡಿಯಲು ಹೇಳಿ, ಬಹಳ ಹೊತ್ತು ಒಂದೇ ಕಡೆ ನೋಡುತ್ತಿದ್ದರು. ಅಣ್ಣ ಉಸಿರು ಬಿಟ್ಟು, "ಏನು ಡಾಕ್ಟ್ರೇ, ನಿನ್ನೆ ತಿಂದ ಬೋಂಡ ಕಾಣ್ತಿದೆಯಾ?" ಎಂದ.

"ಬಲಗಡೆಯ ಕೋಣೆ ನೋಡ್ತಿದ್ದೀನಿ," ಎಂದರು. "ಸಾಮಾನ್ಯವಾಗಿ ಎಲ್ಲರೂ ಎಡಗಡೆ ನೋಡಿ ಎದ್ದುಬಿಡ್ತೀವಿ. ಎಡಗಡೆಯದು ಮೈಗೆಲ್ಲ ರಕ್ತ ತಳ್ಳಬೇಕು, ಅದರ ಗೋಡೆ ಸ್ವಲ್ಪ ದಪ್ಪ ಇರೋದು ಸಹಜ. ಬಲಗಡೆಯದಕ್ಕೆ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ಕಳಿಸೋ ಕೆಲಸ ಅಷ್ಟೇ. ಅದರ ಗೋಡೆ ತೆಳ್ಳಗಿರಬೇಕು. ನಿಮ್ಮದು ಎರಡೂ ದಪ್ಪ ಆಗಿವೆ."

"ಅಂದರೆ ಗಟ್ಟಿ ಮನೆ."

"ಹೊರಗೆ ಅಳತೆ ಅಷ್ಟೇ ಇಟ್ಟು ಗೋಡೆ ದಪ್ಪ ಕಟ್ಟಿದರೆ ಒಳಗೆ ಜಾಗ ಕಮ್ಮಿ ಆಗುತ್ತೆ, ಧರಣೇಂದ್ರ ಅವರೇ. ಬಂದ ರಕ್ತಕ್ಕೆ ಕೂರೋಕೆ ಜಾಗ ಇರೋಲ್ಲ. ಎಡದ ಜೊತೆ ಬಲವೂ ದಪ್ಪ ಆದವರಲ್ಲಿ ಬಡಿತದ ಲಯ ತಪ್ಪೋದು ಸ್ವಲ್ಪ ಹೆಚ್ಚು. ಎಲ್ಲರಿಗೂ ಹಾಗೇ ಆಗುತ್ತೆ ಅಂತಲ್ಲ. ಆದರೆ ನೀವು ಎರಡು ಸಲ ಬಿದ್ದಿದ್ದೀರಿ, ನಿಮ್ಮಪ್ಪ ಹಾಗೆ ಹೋದರು. ನಾನು ಸುಮ್ಮನಿರೋಕೆ ಆಗೋಲ್ಲ."

ಒಂದು ದಿನ ಪೂರ್ತಿ ಅವನ ಎದೆಗೆ ತಂತಿ ಅಂಟಿಸಿ ಬಡಿತವನ್ನು ಅಳೆದರು. ನಡುನಡುವೆ ಅದು ದಿಕ್ಕು ತಪ್ಪಿ ಓಡಿ ಮತ್ತೆ ದಾರಿಗೆ ಬಂದದ್ದು ಕಾಣಿಸಿತು. ಅಣ್ಣನಿಗೆ ಅದೊಂದೂ ಗೊತ್ತೇ ಆಗಿರಲಿಲ್ಲ. ಆ ಹೊತ್ತಿನಲ್ಲೆಲ್ಲ ಅವನು ಯಾರಿಗೋ ಚಟ್ನಿ ಬಡಿಸುತ್ತಿದ್ದ. ಕತ್ತಿನ ಕೆಳಗೆ, ಚರ್ಮದೊಳಗೆ ಕೂರುವ ಒಂದು ಸಾಧನ ಇದೆ, ಲಯ ತಪ್ಪಿದಾಗ ಅದೇ ಒಂದು ಪೆಟ್ಟು ಕೊಟ್ಟು ಸರಿದಾರಿಗೆ ತರುತ್ತದೆ, ಅದನ್ನು ಹಾಕಿಸಲು ದೊಡ್ಡ ಊರಿನ ಆಸ್ಪತ್ರೆಗೆ ಹೋಗಬೇಕು ಎಂದರು ಡಾಕ್ಟರು.

ಅಲ್ಲಿಯವರೆಗೆ ನಗುತ್ತಿದ್ದವನು ನಗು ನಿಲ್ಲಿಸಿದ. "ಸೇತುವೆ ದಾಟಬೇಕಾ?"

ಮನೆಯಲ್ಲಿ ಹೇಳಿದಾಗ ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಆ ಕಡೆ ಹೋದವರು ಹೇಗೆ ವಾಪಸು ಬಂದರು ಅಂತ ನಾನು ನೋಡಿದ್ದೀನಿ. ನೀವಾಗ ಇನ್ನೂ ಚಿಕ್ಕವರು, ನಿಮ್ಮನ್ನ ಒಳಗೆ ಕೂರಿಸಿದ್ದರು," ಎಂದಳು ಅಷ್ಟೇ. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ಅಣ್ಣ ನನ್ನ ಮುಖ ನೋಡಿದ. ನನಗೆ ಅಮ್ಮನಿಗೆ ಎದುರಾಡಿ ಅಭ್ಯಾಸವಿರಲಿಲ್ಲ.

ಮಾರನೆಯ ದಿನ ಅಮ್ಮ ತಾನಾಗಿಯೇ ಕ್ಲಿನಿಕ್ಕಿಗೆ ಹೋಗಿ ಕೂತಳು. "ನನ್ನದನ್ನೂ ನೋಡಿ, ಡಾಕ್ಟರಮ್ಮ."

"ನಿಮಗೆ ಬೇಕಾಗಿಲ್ಲ ಅಮ್ಮ. ಇದು ನಿಮ್ಮ ಯಜಮಾನರ ಕಡೆಯಿಂದ ಬಂದದ್ದು. ನೀವು ಹೊರಗಿಂದ ಬಂದವರು."

"ಈ ಮನೆಗೆ ಬಂದು ಐವತ್ತು ವರ್ಷ ಆಯ್ತು. ಇನ್ನೂ ಹೊರಗಿನವಳೇನು?"

ಡಾಕ್ಟರು ಸೋತು ಮಲಗಿಸಿದರು. ಅಮ್ಮನ ಹೃದಯ ಪರದೆಯ ಮೇಲೆ ಸೊಗಸಾಗಿ ಮುಚ್ಚಿ ತೆರೆಯಿತು. ಎರಡೂ ಕಡೆಯ ಗೋಡೆ ಎಷ್ಟಿರಬೇಕೋ ಅಷ್ಟೇ. "ನನ್ನದಕ್ಕಿಂತ ಚೆನ್ನಾಗಿದೆ ನಿಮ್ಮದು," ಎಂದರು ಡಾಕ್ಟರು. ಅಮ್ಮನಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಸೆರಗು ಸರಿಪಡಿಸಿಕೊಂಡು ಎದ್ದು ಕೂತು ಕೇಳಿದಳು, "ಈ ಸಾಧನ ಹಾಕಿಸದೆ ಹೋದರೆ?"

"ಏನೂ ಆಗದೆ ಇರಬಹುದು. ಇಲ್ಲೇ, ಹೋಟೆಲಿನಲ್ಲೇ ಆಗಲೂಬಹುದು. ಅದಕ್ಕೆ ಸೇತುವೆ ಆ ಕಡೆ ಈ ಕಡೆ ಅಂತ ಗೊತ್ತಾಗೋಲ್ಲ."

ಅಮ್ಮ ಮನೆಗೆ ಬಂದು, ಅಣ್ಣನ ಚೀಲಕ್ಕೆ ಚಕ್ಕುಲಿ ಕಟ್ಟಿಟ್ಟಳು. ಒಪ್ಪಿಗೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ.

ನಾನೂ ಅಣ್ಣನೂ ಹೊರಟೆವು. ಸೇತುವೆ ದಾಟಿದ ಮೇಲೆ ನಡೆಯುವುದೇ ಒಂದು ಫಜೀತಿಯಾಯಿತು. ನಮ್ಮೂರಿನವರದು ಹಿಂದಕ್ಕೆ ವಾಲಿಕೊಂಡು ಹಿಮ್ಮಡಿ ಊರುವ ನಡಿಗೆ. ಸಮನೆಲದಲ್ಲಿ ಹಾಗೆ ನಡೆದರೆ ಯಾರೋ ಹಿಂದಿನಿಂದ ಜುಟ್ಟು ಹಿಡಿದು ಎಳೆಯುತ್ತಿರುವ ಹಾಗೆ ಕಾಣುತ್ತದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. "ಇವರ ನೆಲ ಏನೂ ಸಹಾಯ ಮಾಡೋಲ್ಲ ಕಣೇ, ಎಲ್ಲ ನಾವೇ ನಡೀಬೇಕು," ಎಂದ ಅಣ್ಣ. ನಗಿಸಲು ಹೇಳಿದ್ದು. ಚೀಲವನ್ನು ಮಾತ್ರ ಎರಡೂ ಕೈಯಿಂದ ಅವುಚಿಕೊಂಡಿದ್ದ.

ಸ್ಟೇಷನ್ನಿನಲ್ಲಿ ಆ ಮೇಲ್ಸೇತುವೆ ಇತ್ತು. ಅದೇ, ಬೇರೆಯದಲ್ಲ. ದೊಡ್ಡ ಊರಿನ ರೈಲು ಆಚೆ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ. ನಿಧಾನವಾಗಿ ಹತ್ತಿ, ಪ್ರತಿ ನಾಲ್ಕು ಹೆಜ್ಜೆಗೆ ನಿಲ್ಲಿ, ಮಾತಾಡುವಷ್ಟು ಉಸಿರು ಸದಾ ಇರಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾವಿಬ್ಬರೂ ಜೀವಮಾನದಲ್ಲಿ ಮೊದಲ ಸಲ ಹತ್ತಿದೆವು. ತೊಡೆ ನಡುಗುವುದು ಅಂದರೆ ಏನೆಂದು ಆವತ್ತು ಗೊತ್ತಾಯಿತು. ಅರ್ಧದಲ್ಲಿ, ಮೆಟ್ಟಿಲುಗಳ ನಡುವೆ, ಸಮತಟ್ಟಾದ ಒಂದು ಸಣ್ಣ ಹಾಸುಗಲ್ಲು ಇತ್ತು, ಅಲ್ಲಿ ಕೂತೆವು. ಕೆಳಗೆ ನಮ್ಮ ರೈಲು ಬಂದು ನಿಂತಿತು. ಜನ ನಮ್ಮನ್ನು ದಾಟಿಕೊಂಡು, ಬೈದುಕೊಂಡು, ಓಡಿದರು. ಅಣ್ಣ ಎದ್ದ. ನಾನು ಅವನ ಅಂಗಿಯ ಚುಂಗು ಹಿಡಿದುಕೊಂಡೆ. ರೈಲು ಹೊರಟುಹೋಯಿತು.

ಅವನು ಮತ್ತೆ ಕೂತ. "ಮುಂದಿನದು ಇದೆಯಾ?" ಎಂದು ಗೋಣಿಚೀಲ ಹೊತ್ತು ಹೋಗುತ್ತಿದ್ದವರೊಬ್ಬರನ್ನು ಕೇಳಿದ.

"ಇದ್ದೇ ಇದೆಯಲ್ಲ ಸ್ವಾಮಿ. ಸಂಜೆ ತನಕ ಬರ್ತಾನೇ ಇರ್ತವೆ."

ಅಣ್ಣ ಖಾಲಿಯಾದ ಹಳಿಯ ಕಡೆ ತಿರುಗಿದ. ಆಮೇಲೆ, "ಅಪ್ಪನಿಗೆ ಯಾರೂ ಇದನ್ನ ಹೇಳಲಿಲ್ವೇನೋ," ಎಂದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಕ್ಕುಲಿಯ ಡಬ್ಬಿ ಬಿಚ್ಚಿದೆ. ಇಬ್ಬರೂ ತಿಂದೆವು. ಮುಂದಿನ ರೈಲು ಬರುವಷ್ಟರಲ್ಲಿ ಆಚೆ ಕಡೆ ಇಳಿದಿದ್ದೆವು.

ಆಸ್ಪತ್ರೆಯಲ್ಲಿ ಸಾಧನ ಕೂರಿಸಿದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ವಾಪಸು ಬಂದ ಮೇಲೆ ಅಣ್ಣ ಅದನ್ನು ಮುಟ್ಟಿ ನೋಡಲು ಬಂದ ಗಿರಾಕಿಗಳಿಗೆಲ್ಲ ಅಂಗಿ ಗುಂಡಿ ಬಿಚ್ಚಿ ತೋರಿಸಿದ. ಅವನು ಹಿಟ್ಟಿನ ಕೊಳಗ ಎತ್ತುವುದನ್ನು ಅತ್ತಿಗೆ ನಿಲ್ಲಿಸಿಬಿಟ್ಟಳು. ತಿಂಡಿಗೆ ಬಂದವರಲ್ಲಿ ಗಟ್ಟಿಮುಟ್ಟಾಗಿದ್ದವರು ಕೊಳಗ ಎತ್ತಿಕೊಟ್ಟು ಆಮೇಲೆ ಕೂತು ತಿನ್ನುವುದು ರೂಢಿಯಾಯಿತು. ಕೆಲವರಂತೂ ಎತ್ತುವ ಸರದಿಗಾಗಿ ಜಗಳವಾಡಿದರು. ಅಣ್ಣನ ಮಗಳು ಅನಂತಮತಿಗೂ ಪರೀಕ್ಷೆಯಾಯಿತು. ಅವಳಲ್ಲಿ ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ನೋಡುತ್ತಿರೋಣ ಎಂದರು ಡಾಕ್ಟರು. ನನಗೆ ಮಾತ್ರೆ ಕೊಟ್ಟರು. ಸಮನೆಲ ಆಗಿಬರುವುದಿಲ್ಲ ಎನ್ನುತ್ತಿದ್ದ ಊರಿನ ಇನ್ನೂ ಎರಡು ಮೂರು ಮನೆಯವರು, ಪೇಟೆಗೆ ಬಂದವರು ಹಾಗೇ ಒಳಗೆ ಇಣುಕಿದ ನೆಪ ಮಾಡಿ ಕ್ಲಿನಿಕ್ಕಿಗೆ ಬರತೊಡಗಿದರು.

ಅಮ್ಮ ಮಾತ್ರ ಸಾಧನವನ್ನು ನಂಬಲಿಲ್ಲ. ಅದರ ಕಡೆ ನೋಡುತ್ತಲೂ ಇರಲಿಲ್ಲ.

ಅವರೆಕಾಯಿಯ ಕಾಲದಲ್ಲಿ ಒಂದು ಮಧ್ಯಾಹ್ನ, ನೆಲ ಸಮವಾಗಿದ್ದ ಹೊತ್ತು. ಹೋಟೆಲು ತುಂಬಿತ್ತು. ನಾನೂ ಊಟಕ್ಕೆ ಬಂದಿದ್ದೆ. ಬಟ್ಟೆ ಅಂಗಡಿಯ ಸುಂದರಯ್ಯನವರು ಉಪ್ಪಿನಕಾಯಿ ಸಾಲದು ಎಂದು ತಕರಾರು ತೆಗೆದಿದ್ದರು. ಅಣ್ಣ ಜಾಡಿ ಹಿಡಿದು ಅವರ ಬಳಿ ಹೋದವನು, "ನಿಮಗೆ ಹಾಕಿದಷ್ಟೂ," ಎನ್ನುತ್ತಾ ಹಾಗೇ ಕುಸಿದ. ಜಾಡಿ ಒಡೆದು ನೆಲದ ತುಂಬ ಎಣ್ಣೆ. ಅಮ್ಮ ಕೂತಲ್ಲಿಂದಲೇ ನೋಡುತ್ತಿದ್ದಳು. ಅವಳ ಮುಖ ಹೇಗಿತ್ತೆಂದು ನಾನು ಹೇಳಲಾರೆ. ನಾನು ಎದ್ದು ಅಣ್ಣನ ಬಳಿ ಹೋಗುವಷ್ಟರಲ್ಲಿ ಅವನ ದೇಹ ಒಮ್ಮೆ ಜಗ್ಗನೆ ಅದುರಿತು. ಒಂದು ಉಸಿರು. ಇನ್ನೊಂದು. ಕಣ್ಣು ಬಿಟ್ಟ.

"ಯಾರ್ರೀ ಒದ್ದದ್ದು?" ಎಂದ.

ಸುಂದರಯ್ಯನವರು ಎರಡೂ ಕೈ ಮೇಲೆತ್ತಿ, "ನಾನಲ್ಲ ಧರಣೇಂದ್ರ, ಉಪ್ಪಿನಕಾಯಿ ಇಲ್ಲದಿದ್ದರೂ ಪರವಾಗಿಲ್ಲ," ಎಂದರು. ಯಾರೋ ನಕ್ಕರು. ಅಣ್ಣನೂ ನಕ್ಕ, ಆಮೇಲೆ ಅಂಗಿಯೊಳಗೆ ಕೈ ಹಾಕಿ ಸಾಧನವನ್ನು ಮುಟ್ಟಿ ನೋಡಿಕೊಂಡ. ಡಾಕ್ಟರು ಓಡಿ ಬಂದು, ಅಲ್ಲೇ ಎಣ್ಣೆಯ ಮೇಲೆ ಕೂತು ನಾಡಿ ಹಿಡಿದರು. ಲಯ ತಪ್ಪಿತ್ತು, ಸಾಧನ ಹಿಡಿದು ನಿಲ್ಲಿಸಿತು, ಈಗ ಸರಿಯಾಗಿದೆ, ಆದರೂ ಒಮ್ಮೆ ಆಸ್ಪತ್ರೆಗೆ ಹೋಗಿ ತೋರಿಸಿ ಬರಬೇಕು ಎಂದರು.

ಅಮ್ಮ ಎದ್ದು ಬಂದು ಅಣ್ಣನ ತಲೆ ಸವರಿದಳು. ಡಾಕ್ಟರ ಕಡೆ ತಿರುಗಿ, "ಅವರಿಗೂ ಹೀಗೇ ಆಗಿದ್ದಿರಬೇಕು ಅಲ್ವಾ?" ಎಂದಳು.

"ಇರಬೇಕು ಅಮ್ಮ."

"ಇದು ಇಲ್ಲದೆ ಇದ್ದದ್ದಕ್ಕೆ ಹೋದರು."

"ಹೂಂ. ಆ ಕಾಲದಲ್ಲಿ ಇದು ಇನ್ನೂ ಎಲ್ಲ ಕಡೆ ಬಂದಿರಲಿಲ್ಲ."

"ನೆಲದ ತಪ್ಪೇನಿಲ್ಲ."

"ಏನಿಲ್ಲ."

ಅಮ್ಮ ಹೋಗಿ ತನ್ನ ಜಾಗದಲ್ಲಿ ಕೂತು ಉಳಿದ ಅವರೆಯನ್ನೆಲ್ಲ ಬಿಡಿಸಿದಳು. ನೆಲ ತಿರುಗಿತು, ಜನ ಮನೆಯ ಕಡೆ ಇಳಿಯತೊಡಗಿದರು. ಸಿಪ್ಪೆ ಗುಡಿಸಿ ಒಟ್ಟು ಮಾಡುತ್ತಾ ನನಗೆ ಹೇಳಿದಳು, "ಆಸ್ಪತ್ರೆಗೆ ನಾನೂ ಬರ್ತೀನಿ. ನನ್ನ ಎದೆಗೇನಾಗಿದೆ? ಡಾಕ್ಟರಮ್ಮನದಕ್ಕಿಂತ ಚೆನ್ನಾಗಿದೆಯಂತೆ. ಇಷ್ಟು ವರ್ಷ ಸುಮ್ಮನೆ ಕೂತುಬಿಟ್ಟೆ."

ಅದನ್ನು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿತ್ತು.

ಮೂವರೂ ಹೊರಟೆವು. ಸೇತುವೆ ದಾಟುವಾಗ ಅಮ್ಮ ನನ್ನ ಕೈ ಹಿಡಿದಿದ್ದಳು. ದಾಟಿದ ಮೇಲೆ ಸ್ವಲ್ಪ ದೂರದಲ್ಲೇ ಬಿಟ್ಟಳು. ಹಿಂದಕ್ಕೆ ವಾಲಿದ ಬೆನ್ನು ತಾನಾಗಿ ನೆಟ್ಟಗಾಯಿತು. ಬಸ್ಸಿಳಿದು ಸ್ಟೇಷನ್ನಿಗೆ ನಡೆಯುವಾಗ ಅವಳು ನಮಗಿಂತ ಮುಂದೆ, ಎಷ್ಟು ಮುಂದೆ ಎಂದರೆ, ಅವಳ ಸೀರೆಯ ಬಣ್ಣ ನೋಡಿ ಗುರುತು ಹಿಡಿಯಬೇಕಾಗಿತ್ತು. ನಾನೂ ಅಣ್ಣನೂ ಓಡುವ ಹಾಗಿಲ್ಲ. ಕೂಗಿದರೆ ಕೇಳಿಸುತ್ತಿರಲಿಲ್ಲ.

ಮೇಲ್ಸೇತುವೆಯ ಬುಡಕ್ಕೆ ನಾವು ಬಂದಾಗ ಅವಳು ಆಗಲೇ ಹತ್ತುತ್ತಿದ್ದಳು. ನಡುವಿನ ಹಾಸುಗಲ್ಲಿನ ಮೇಲೆ ನಿಂತಳು. ಅಪ್ಪ ಕುಸಿದದ್ದು ಅದೇ ಜಾಗ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಯಾರನ್ನೂ ಕೇಳಲೂ ಇಲ್ಲ. ಬಗ್ಗಿ ಆ ಕಲ್ಲನ್ನು ಕೈಯಿಂದ ಮುಟ್ಟಿದಳು. ಹೋಗುವವರು ಬರುವವರು ಪಕ್ಕಕ್ಕೆ ಸರಿದು ದಾರಿ ಮಾಡಿಕೊಂಡರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಹತ್ತಿದಳು. ತುದಿ ಮುಟ್ಟಿದಳು, ಆ ಕಡೆ ಇಳಿದು ಕಣ್ಣಿಗೆ ಕಾಣದಾದಳು.

ನಾವು ನಾಲ್ಕು ಹೆಜ್ಜೆ ಹತ್ತಿ, ನಿಂತು, ಮಾತಾಡಿ, ಮತ್ತೆ ನಾಲ್ಕು ಹೆಜ್ಜೆ ಹತ್ತಿದೆವು. ನಡುವಿನ ಹಾಸುಗಲ್ಲಿಗೆ ಬಂದು ಕೂತಾಗ ಮೇಲಿನಿಂದ ಹೆಜ್ಜೆ ಸದ್ದು ಕೇಳಿತು. ಅಮ್ಮ ಆ ಕಡೆಯಿಂದ ಪುನಃ ಹತ್ತಿಕೊಂಡು ಬಂದಿದ್ದಳು. ಮುಖ ಕೆಂಪಾಗಿತ್ತು, ಹಣೆಯ ಕೂದಲು ಬೆವರಿಗೆ ಅಂಟಿತ್ತು. ಎದೆಯ ಮೇಲೆ ಕೈಯಿಟ್ಟು ಒಳಗಿನ ಬಡಿತವನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಚೆನ್ನಾಗಿದೆ ಕಣೇ," ಎಂದಳು. "ನೀವಿಬ್ಬರೂ ಕೂತಿರಿ. ಇನ್ನೊಂದು ಸಲ ಹೋಗಿ ಬರ್ತೀನಿ."